ಹೆಸರಿನ ಕೆಳಗಿನ ಗೆರೆ

"ನನ್ನ ಹೆಸರು ಎರಡನೇದೇನ್ರಿ?"

ಶಿವಲೀಲಾ ಗುರುಬಸವನನ್ನು ಕೇಳಿದಳು. ಗಂಗಾವತಿಯ ಕಾಲೇಜೊಂದರ ಗಣಿತ ಉಪನ್ಯಾಸಕಿ ಅವಳು. ಅವನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದು ಅವಳ ಸಂಶೋಧನೆಯ ಸಾರಾಂಶ. ಅದರ ಮೇಲೆ ಮಾತ್ರ ಮೊದಲು ಗುರುಬಸವ ಅಂಗಡಿ, ಆಮೇಲೆ ಶಿವಲೀಲಾ ಹೊಸಮನಿ!

ಪ್ರಮೇಯ ಅವಳದು. ಅದರ ಸಾಧನೆಯಲ್ಲಿ ಬಂದ ಒಂದು ತೊಡಕನ್ನು ಅವಳಂತೆಯೇ ಗಣಿತ ಕಲಿಸುವ ಗುರುಬಸವ ಬಿಡಿಸಿದ್ದ, ಅಷ್ಟೇ. ಗಣಿತ ಸಮ್ಮೇಳನದವರು ಕೇಳಿದ ಅಳತೆಗೆ ಸಾರಾಂಶವನ್ನು ಹೊಂದಿಸಿಕೊಡಲು ಕೊಪ್ಪಳದಿಂದ ಬಂದಿದ್ದ.

ಹಿಂದೊಮ್ಮೆ ಅವಳ ಮಾರ್ಗದರ್ಶಕರು ಅವಳ ಕೆಲಸಕ್ಕೆ ತಮ್ಮ ಹೆಸರು ಮುಂದೆ ಹಾಕಿಕೊಂಡು, ವೇದಿಕೆಯಲ್ಲೂ ತಾವೇ ಮಾತಾಡಿದ್ದರು. ಹಾವು ಕಚ್ಚಿಸಿಕೊಂಡವರು ಹಗ್ಗಕ್ಕೂ ಹೆದರುತ್ತಾರೆ.

'ಇವರೂ ಅಷ್ಟೇನಾ? ನಾನು ಮನಸ್ಸು ಕೊಟ್ಟಿದ್ದು ಇಂಥವರಿಗಾ...?'

"ನಿಮ್ಮ ಹೆಸರು ತಗದುಬಿಡ್ರಿ" ಎಂದಳು.

ಅವನು ತನ್ನ ಹೆಸರು ಅಳಿಸಿದ, ಸಾರಾಂಶವನ್ನು ಅವಳ ಮೇಲ್‌ಗೆ ಕಳಿಸಿದ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಸಮ್ಮೇಳನಕ್ಕೆ ಕಳಿಸಲು ಅಂದು ಸಂಜೆಯೇ ಕೊನೆ. ಜೊತೆಯ ಉಪನ್ಯಾಸಕಿ ಶಮೀನಾ ನಿಯಮಗಳನ್ನು ತಾಳೆ ನೋಡುತ್ತಾ, ನಿನ್ನ ಹೆಸರಿನ ಕೆಳಗೆ ಗೆರೆ ಯಾಕಿದೆ ಗೊತ್ತೇನು ಎಂದು ಕೇಳಿದಳು.

ನಮ್ಮ ಕಡೆಯ ಹೆಸರು ಕಂಡರೆ ತಪ್ಪೆಂದು ಗೆರೆ ಎಳೆಯುವುದು ಕಂಪ್ಯೂಟರಿನ ಹಳೇ ಚಾಳಿ. ಶಿವಲೀಲಾ ಇದನ್ನೂ ಹಾಗೇ ಅಂದುಕೊಂಡಿದ್ದಳು.

"ಅಲ್ಲವಾ, ಇಲ್ಲಿ ಓದು. ಮನೆತನದ ಹೆಸರಿನ ಅಕ್ಷರದ ಪ್ರಕಾರ ಬರೀಬೇಕಂತ. ಅಂಗಡಿ ಮುಂದ, ಹೊಸಮನಿ ಹಿಂದ. ವೇದಿಕಿ ಮ್ಯಾಲೆ ಯಾರು ಮಾತಾಡ್ತಾರೋ, ಅವರ ಹೆಸರಿನ ಕೆಳಗ ಗೆರಿ ಹೊಡೀಬೇಕಂತ."

ಅಯ್ಯೋ... ಎಂಥಾ ಮಾತಾಡಿಬಿಟ್ಟೆ!

ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಪುಣ್ಯಕ್ಕೆ ಕೊಪ್ಪಳದ ಬಸ್ಸು, ಹನುಮನಹಳ್ಳಿಯ ಬೆಟ್ಟದ ಗುಡಿಗೆ ಹೊರಟ ಭಕ್ತರ ಆಟೋಗಳ ನಡುವೆ ಸಿಕ್ಕಿಕೊಂಡಿತ್ತು. ಕಿಟಕಿಯಿಂದ ಅವಳ ಮುಖ ಕಂಡದ್ದೇ ಗುರುಬಸವ ಇಳಿದು ಬಂದ.

"ಆಗs ಹೇಳಬಾರದಿತ್ತೇನ್ರಿ?" ಅವಳ ಕಣ್ಣು ತುಂಬಿದ್ದವು.

"ಹೇಳಿದ್ರ ಹೆಸರಿಗೆ ಜಗಳಾ ಆಡಿದಂಗ ಆಗ್ತಿತ್ರಿ. ನಿಮ್ಮ ಜೋಡಿ ಜಗಳಾ ನನಗ ಬ್ಯಾಡಾಗಿತ್ತು."

ಅವಳು ತಪ್ಪಾಯಿತೆಂದು ಕೇಳಿಕೊಂಡಳು. ನಿಲ್ದಾಣದ ಬೆಂಚಿನ ಮೇಲೆ ಅವನ ಲ್ಯಾಪ್‌ಟಾಪ್ ತೆರೆದು, ಅವನ ಹೆಸರನ್ನು ತಾನೇ ಮತ್ತೆ ಬರೆದು ಕಳಿಸಿದಳು. ಸಾರಾಂಶ ತಲುಪಿತೆಂಬ ಸಂದೇಶ ಬಂದಾಗ ಎದೆ ಮೇಲಿನ ಬಂಡೆ ಇಳಿಸಿದಂತಾಯಿತು. ಅವನೂ ದೊಡ್ಡದಾಗಿ ಉಸಿರು ಬಿಟ್ಟ. ಇಬ್ಬರಿಗೂ ನಗು ಬಂತು.

ಪರದೆಯ ಮೇಲಿಂದ ಕಣ್ಣು ಕೀಳದೆ ಅವಳು ಮೆಲ್ಲಗೆ ಕೇಳಿದಳು...

"ನಾನೂ ಅಂಗಡಿ ಆದ್ರ... ಆಗ ಯಾರ ಹೆಸರು ಮೊದಲು?"

ಮಾತಿನ ಅರ್ಥ ಹೊಳೆದು ಅವನ ಕಿವಿ ಕೆಂಪಾದವು.

"ಆಗೂ ನಂದs ಮೊದಲ್ರಿ. ಗ ಬಂದಮ್ಯಾಲೆ ತಾನs ಶ ಬರೋದು..."

"ಮತ್ತ ನನಗೇನು ಸಿಕ್ಕಂಗಾತು?"

"ಮಾತೆಲ್ಲಾ ನಿಮ್ದs. ನಾನು ಮುಂದಿನ ಸಾಲಿನ್ಯಾಗ ಕುಂತು ಕೇಳ್ತೀನ್ರಿ, ಕಡೀತನಕ."