ಮನಸ್ಸಾಗಿದೆ ಎಂಬುದರ ಇಂಗ್ಲಿಷ್

"ಯುವರ್ ಶುಗರ್ ಕೇಮ್ ಮ್ಯಾಡಂ... ಬಟ್ ಬ್ಲಡ್ ನಾಟ್ ಕೇಮ್. ಟುಮಾರೋ ಬ್ಲಡ್ ವಿಲ್ ಕಮ್!"

ಫೋನಿನ ಆ ಕಡೆಯಿದ್ದ ಹೆಂಗಸು "ವಾಟ್?" ಎಂದು ಕಿರುಚಿದಳು.

ಕಡೂರು ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನ ಮೇಲೆ ಕುಳಿತಿದ್ದ ತನುಜಾಳಿಗೆ ಮೈಯೆಲ್ಲ ಬೆವರಿತು. ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಶುಗರ್ ರಿಪೋರ್ಟು ಬಂದಿದೆ, ರಕ್ತದ ರಿಪೋರ್ಟು ನಾಳೆ ಬರುತ್ತದೆ. ಅವಳು ಹೇಳಬೇಕಾಗಿದ್ದದ್ದು ಇಷ್ಟೇ. ಕನ್ನಡ ಬಾರದ ಆ ಗಿರಾಕಿಗೆ ಇಷ್ಟನ್ನು ಹೇಳುವಷ್ಟರಲ್ಲಿ ನಾಲಿಗೆ ಒಣಗಿ ಹೋಯಿತು.

ಫೋನ್ ಇಟ್ಟಳು. ಪಕ್ಕದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ತಿರುಗಿ ನೋಡಿದರೆ, ಬೆಂಚಿನ ಆ ತುದಿಯಲ್ಲಿ ಒಬ್ಬ ಯುವಕ. ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕೈಯಲ್ಲಿ ಕೆಂಪು ಪೆನ್ನು.

"ನಗಾಡೋಕೆ ಏನಿದೆ ಸಾರ್ ಇದ್ರಲ್ಲಿ?"

"ಸಾರಿ ಕಣ್ರೀ... ನಾಳೆ ರಕ್ತ ಬತ್ತದೆ ಅಂದ್ರೆ ಆಯಮ್ಮ ಇವತ್ತು ನಿದ್ದೆ ಮಾಡ್ತಾರಾ ಹೇಳಿ!"

ತನುಜಾಳ ಕಣ್ಣುಗಳು ತುಂಬಿಕೊಂಡವು. ಲ್ಯಾಬಿನ ಮಾಲೀಕರು ಬೆಳಿಗ್ಗೆಯಷ್ಟೇ, "ಡಿಗ್ರಿ ಮಾಡಿದೀಯ, ನಾಲ್ಕು ಮಾತು ಇಂಗ್ಲಿಷ್ ಬರಲ್ವಾ?" ಎಂದು ಎಲ್ಲರೆದುರು ಕೇಳಿದ್ದರು.

ಅವನ ಮುಖದಲ್ಲಿದ್ದ ನಗು ಆರಿತು. ಬಹಳ ಹೊತ್ತು ಕೆಂಪು ಪೆನ್ನಿನ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದ.

"ನಾನು ಹೊನ್ನೇಶ. ಇಲ್ಲೇ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್, ಇಂಗ್ಲಿಷು. ದಿನಾ ತರೀಕೆರೆ ಬಸ್ಸಿಗೆ ಇಲ್ಲೇ ಕಾಯ್ತೀನಿ. ನೀವು?"

"ಅಜ್ಜಂಪುರದ ಬಸ್ಸು. ಅಲ್ಲಿಂದ ಬುಕ್ಕಾಂಬುಧಿ."

"ನಿಮಗೂ ನಲವತ್ತು ನಿಮಿಷ, ನನಗೂ ನಲವತ್ತು ನಿಮಿಷ. ಸುಮ್ಮನೆ ಮಾತಾಡೋಣ, ಇಂಗ್ಲಿಷಲ್ಲಿ. ಪುಸ್ತಕ ಬೇಡ, ಗ್ರಾಮರ್ ಬೇಡ. ಎಷ್ಟು ತಪ್ಪಾದ್ರೂ ಮಾಡಿ. ಇನ್ನೊಂದು ಸಲ ನಗಲ್ಲ. ದೇವರಾಣೆ!"

ಹಾಗೆ ಶುರುವಾಯಿತು.

ಮೊದಲ ವಾರ ಅವಳು ಬಾಯಿ ಬಿಟ್ಟಿದ್ದೇ ಕಡಿಮೆ. ಎರಡನೇ ವಾರ, "ಯುವರ್ ಮೀಲ್ ಬಿಕೇಮ್?" ಎಂದು ಕೇಳಿದಳು. ಊಟ ಆಯ್ತಾ ಅಂತ!

ಹೊನ್ನೇಶ ತುಟಿ ಕಚ್ಚಿಕೊಂಡ. ನಗಲಿಲ್ಲ.

"ಹ್ಯಾವ್ ಯೂ ಈಟನ್... ಹಾಗನ್ನಬೇಕು. ಆದ್ರೆ ಇಂಗ್ಲಿಷಿನವರು ಕಂಡವರಿಗೆಲ್ಲ ಊಟ ಆಯ್ತಾ ಅಂತ ಕೇಳಲ್ಲ. ಇವತ್ತು ಮೋಡ ಇದೆ, ಬಿಸಿಲಿದೆ ಅಂತ ಶುರು ಮಾಡ್ತಾರೆ."

"ಅಯ್ಯೋ, ಮೋಡ ಕಟ್ಕೊಂಡು ಏನ್ಮಾಡ್ತಾರೆ? ಹೊಟ್ಟೆ ಕೇಳೋರು ಯಾರೂ ಇಲ್ವಾ ಪಾಪ!"

ಬಸ್ ಬಂದಾಗ 'ಐ ಆಮ್ ಗೋಯಿಂಗ್' ಎನ್ನಲು ಅವಳು ಒಪ್ಪಲೇ ಇಲ್ಲ. ಬರೀ ಹೋಗ್ತೀನಿ ಅಂದರೆ ಅಪಶಕುನ. ಹೋಗ್ಬತ್ತೀನಿ ಅನ್ನಬೇಕು. ಅವನು 'ಸೀ ಯೂ' ಎನ್ನುವುದನ್ನು ಕಲಿಸಿಕೊಟ್ಟ. ಮತ್ತೆ ಸಿಗೋಣ ಅಂತ ಅರ್ಥ. ಹೋಗುವ ಮಾತೇ ಅದರಲ್ಲಿಲ್ಲ! ತನುಜಾಳಿಗೆ ಅದು ಬಹಳ ಹಿಡಿಸಿತು.

ಅವನು ಫೋನನ್ನು ಇಬ್ಬರ ನಡುವೆ ಇಟ್ಟು ಮಾತುಗಳನ್ನು ರೆಕಾರ್ಡ್ ಮಾಡುತ್ತಿದ್ದ. "ಮನೇಲಿ ಕೇಳಿ, ಎಲ್ಲೆಲ್ಲಿ ತಿದ್ದಬೇಕು ಅಂತ ಗುರುತು ಮಾಡ್ಕೋತೀನಿ" ಎಂದಿದ್ದ. ಅವಳು ಸರಿ ಎಂದಿದ್ದಳು. ತನ್ನ ದನಿಯನ್ನು ಒಬ್ಬರು ಮನೆಗೆ ಒಯ್ದು ಕೇಳುತ್ತಾರೆ ಎನ್ನುವುದೇ ಅವಳಿಗೆ ಒಳಗೊಳಗೇ ಹಿತವಾಗಿತ್ತು.

ನಾಲ್ಕು ತಿಂಗಳು ಕಳೆದವು. ಗಿರಾಕಿಗಳ ಜೊತೆ ಅವಳು ತೊದಲದೆ ಮಾತಾಡತೊಡಗಿದಳು. ಮಾತಿಗಿಂತ ಹೆಚ್ಚಾಗಿ ಅವರಿಬ್ಬರ ನಡುವೆ ಬೆಳೆದದ್ದು ಮೌನ. ಕೆಲವು ದಿನ ಇಪ್ಪತ್ತು ನಿಮಿಷ ಏನೂ ಆಡದೆ ಕೂರುತ್ತಿದ್ದರು. ಆ ಮೌನವನ್ನು ತುಂಬಬೇಕು ಎಂದು ಇಬ್ಬರಿಗೂ ಅನಿಸುತ್ತಿರಲಿಲ್ಲ.

ಒಂದು ಸಂಜೆ ಅವನೆಂದ: "ಇವತ್ತು ಒಂದು ಹೊಸ ಆಟ. ಇದುವರೆಗೆ ಯಾರಿಗೂ ಹೇಳದ ಒಂದು ಮಾತನ್ನ ಇಂಗ್ಲಿಷಲ್ಲಿ ಹೇಳಿ."

ತನುಜಾ ಚಪ್ಪಲಿಯ ತುದಿಯನ್ನೇ ನೋಡುತ್ತಾ ಕುಳಿತಳು. 'ಹೇಳ್ಬಿಡಲಾ? ಇಂಗ್ಲಿಷಲ್ಲಿ ಹೇಳಿದ್ರೆ ಹೇಳಿದ ಹಾಗೂ ಆಯ್ತು, ಪಾಠ ಅಂತ ಜಾರಿಕೊಳ್ಳೋಕೂ ಆಯ್ತು...'

"ಮೈ ಮೈಂಡ್..." ಎಂದಳು. "ಮೈ ಮೈಂಡ್ ಹ್ಯಾಸ್ ಬಿಕಮ್ ಆನ್ ಯೂ."

ನನಗೆ ನಿಮ್ಮ ಮೇಲೆ ಮನಸ್ಸಾಗಿದೆ.

ಹೊನ್ನೇಶ ಅವಳನ್ನು ನೋಡಿದ. ನಗಲಿಲ್ಲ, ತಿದ್ದಲೂ ಇಲ್ಲ. ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಅಷ್ಟರಲ್ಲಿ ತರೀಕೆರೆ ಬಸ್ಸು ಬಂತು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು, 'ಸೀ ಯೂ' ಅನ್ನುವುದನ್ನೂ ಮರೆತು ಹತ್ತಿಬಿಟ್ಟ.

ಮಾರನೆಯ ದಿನ ಅವನು ಮಾತಾಡಿದ್ದು ಮೋಡದ ಬಗ್ಗೆ. ಅದರ ಮಾರನೆಯ ದಿನ ಬಿಸಿಲಿನ ಬಗ್ಗೆ.

'ಹೆದರಿದಾನೆ' ಎಂದುಕೊಂಡಳು ತನುಜಾ. 'ಇರಲಿ. ಕಾಯ್ತೀನಿ.'

ಮೂರು ವಾರ ಕಾದಳು.

ಆ ಮಧ್ಯಾಹ್ನ ಲ್ಯಾಬಿನಲ್ಲಿ ಊಟದ ಹೊತ್ತು. ಜೊತೆಯ ಪ್ರಿಯಾಂಕಾ ಫೋನು ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು.

"ತನೂ, ಬಾರೇ ಇಲ್ಲಿ! ಇಂಗ್ಲಿಷ್ ಕಲಿಸೋ ಆ್ಯಪ್ ಕಣೇ ಇದು. ಯಾವುದೋ ಗುಗ್ಗು ಏನಂತದೆ ಕೇಳು!"

ಪರದೆಯ ಮೇಲೆ ಒಂದು ಹಸಿರು ಗಿಣಿ. ಅದು ಕೊಕ್ಕು ತೆರೆಯಿತು.

"ಮೈ ಮೈಂಡ್... ಮೈ ಮೈಂಡ್ ಹ್ಯಾಸ್ ಬಿಕಮ್ ಆನ್ ಯೂ."

ಟೊಂಯ್ ಎಂಬ ಸದ್ದು. ಗಿಣಿ ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ಹಿಂದೆ ನೂರಾರು ಜನ ನಕ್ಕ ಹಾಗೆ ನಗುವಿನ ಅಲೆ. ಆಮೇಲೆ ಶಾಂತವಾದ, ಸ್ಪಷ್ಟವಾದ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಂದು ದನಿ ಹೇಳಿತು: "ತಪ್ಪು. ಹೀಗೆ ಹೇಳಿ: ಐ ಲೈಕ್ ಯೂ."

ಮೂರು ವಾರದಿಂದ ಅವಳು ಕಾದಿದ್ದು ಇದೇ ದನಿಯಲ್ಲಿ ಇದೇ ಮಾತಿಗೆ!

ಪ್ರಿಯಾಂಕಾ ಇನ್ನೊಮ್ಮೆ ಒತ್ತಲು ಹೋದವಳು ತಟ್ಟನೆ ನಿಂತಳು. ಫೋನನ್ನೂ ಗೆಳತಿಯ ಮುಖವನ್ನೂ ನೋಡಿದಳು.

"ತನೂ... ಇದು ನಿನ್ ದನಿ ಥರಾನೇ ಇದೆಯಲ್ಲೇ..."

ತನುಜಾ ತುತ್ತನ್ನು ಡಬ್ಬಿಗೇ ಇಟ್ಟಳು. ಕೈ ತೊಳೆದು ಬಂದು ರಕ್ತದ ಸೀಸೆಗಳಿಗೆ ಒಂದೊಂದಾಗಿ ಹೆಸರು ಅಂಟಿಸತೊಡಗಿದಳು. ಒಂದನ್ನೂ ತಪ್ಪಾಗಿ ಅಂಟಿಸಲಿಲ್ಲ.

ಸಂಜೆ ಅವಳು ಬೆಂಚಿನ ಮೇಲೆ ಕೂರಲಿಲ್ಲ. ಅವನೆದುರು ನಿಂತಳು.

"ಗಿಣಿ ಚೆನ್ನಾಗಿದೆ ಸಾರ್."

ಹೊನ್ನೇಶನ ಮುಖ ಬಿಳಿಚಿಕೊಂಡಿತು. ಅವನು ಯಾವ ಗಿಣಿ ಎಂದು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಅವಳಲ್ಲಿ ಒಂದಿಷ್ಟು ಆಸೆ ಉಳಿಯುತ್ತಿತ್ತು.

"ತನುಜಾ ಅವ್ರೇ... ಆ ಆ್ಯಪ್‌ನವರಿಗೆ ನಾನು ಪಾಠ ಮಾಡಿಕೊಡ್ತೀನಿ. ನಿಜವಾದ ಮಾತುಕತೆ ಬೇಕು ಅಂದ್ರು. ಹಳ್ಳಿ ಕಡೆಯವರು ಮಾಡೋ ತಪ್ಪುಗಳು..."

"ನನ್ನ ಕೇಳಿದ್ರಾ?"

"ಇಲ್ಲ."

"ಎಷ್ಟು ದಿನದಿಂದ?"

"ಎರಡನೇ ತಿಂಗಳಿಂದ."

"ಆ ಮಾತು... ಅದು ಪಾಠ ಅಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅವನು ಬಹಳ ಹೊತ್ತು ಸುಮ್ಮನಿದ್ದ. ಮೊದಲೆಲ್ಲ ಅವಳಿಗೆ ಪ್ರಿಯವಾಗಿದ್ದ ಮೌನವೇ ಅದು. ಈಗ ಅದನ್ನು ನಿಂತು ಕೇಳಲಾಗಲಿಲ್ಲ.

"ಗೊತ್ತಿತ್ತು."

"ನಗಲ್ಲ ಅಂದಿದ್ರಿ. ಹೌದು, ನೀವು ನಗಲಿಲ್ಲ. ನಗೋ ಕೆಲಸ ಊರಿಗೆಲ್ಲ ಹಂಚಿದ್ರಿ!"

ಅಂದಿನಿಂದ ಅವಳು ಬಸ್ ಹೊರಡುವ ಹೊತ್ತಿಗೆ ಸರಿಯಾಗಿ ಬಂದು ಹತ್ತುತ್ತಿದ್ದಳು. ಬೆಂಚಿನ ಕಡೆ ನೋಡುತ್ತಿರಲಿಲ್ಲ. ಲ್ಯಾಬಿನಲ್ಲಿ ಇಂಗ್ಲಿಷ್ ಫೋನು ಬಂದರೆ ಪ್ರಿಯಾಂಕಾಳ ಕೈಗೆ ಕೊಡುತ್ತಿದ್ದಳು. ಪ್ರತಿ ಮಾತಿನ ಕೊನೆಗೂ ಟೊಂಯ್ ಎನ್ನುವ ಸದ್ದು ಕೇಳಿದಂತಾಗುತ್ತಿತ್ತು. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ನಕ್ಕರೆ ತನ್ನನ್ನೇ ಕುರಿತು ನಕ್ಕಂತೆ ಕುಗ್ಗಿಹೋಗುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. 'ನಾನು ಹೇಳಿದ್ದು ಅವನಿಗೆ ಬರೀ ಒಂದು ತಪ್ಪಾಗಿ ಕೇಳಿಸಿತಾ? ನಾಲ್ಕು ತಿಂಗಳು ಆ ಬೆಂಚಿನ ಮೇಲೆ ನಾನೊಬ್ಬಳೇ ಕೂತಿದ್ನಾ?'

"ಯಾಕವ್ವಾ, ಊಟ ಸೇರ್ತಿಲ್ಲ ನಿಂಗೆ?" ಎಂದು ತಾಯಿ ತೀರ್ಥಮ್ಮ ಕೇಳಿದರು.

"ಸೆಖೆ ಕಣಮ್ಮ."

ಹವಾಮಾನದ ಮಾತು ಯಾವಾಗ ಉಪಯೋಗಕ್ಕೆ ಬರುತ್ತದೆ ಎಂದು ಅವಳಿಗೆ ಈಗ ಅರ್ಥವಾಗಿತ್ತು.

ಹದಿನೇಳನೇ ದಿನ ಭಾನುವಾರ. ತಂದೆ ಸೋಮಶೇಖರಪ್ಪ ತರೀಕೆರೆಗೆ ಮದುವೆಗೆ ಹೋಗಿದ್ದರು. ತೀರ್ಥಮ್ಮ ಜಗುಲಿಯ ಮೇಲೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ಅಂಗಳದಲ್ಲಿ ಯಾರೋ ಬಂದು ನಿಂತರು.

"ಯಾರಪ್ಪಾ ನೀನು?"

"ಹೊನ್ನೇಶ ಅಂತ ಕಣಮ್ಮ. ಸಿಂಗಟಗೆರೆ ಲಕ್ಷ್ಮಣಪ್ಪನ ಮಗ, ತರೀಕೆರೆಲಿ ರೂಮ್ ಮಾಡ್ಕೊಂಡಿದೀನಿ. ಕಡೂರು ಕಾಲೇಜಲ್ಲಿ ಪಾಠ ಮಾಡ್ತೀನಿ."

"ಬಾ, ಕೂತ್ಕೊಳ್ಳಪ್ಪ. ಏನ್ ಬಂದಿದ್ದು?"

ಅವನು ಕೂರಲಿಲ್ಲ. ಅಂಗಳದಲ್ಲೇ ನಿಂತು, ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟ.

"ಅಮ್ಮಾ, ನಾನು ನಿಮ್ಮ ಮಗಳಿಗೆ ಮೋಸ ಮಾಡ್ಬಿಟ್ಟಿದೀನಿ!"

ಮೊರ ಜಾರಿ ರಾಗಿಯೆಲ್ಲ ಜಗುಲಿಯ ತುಂಬ ಚೆಲ್ಲಿತು. ತೀರ್ಥಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಶಿವನೇ! ಎಷ್ಟ್ ತಿಂಗಳಾಯ್ತೋ?"

"ಎರಡನೇ ತಿಂಗಳಿಂದ ಅಮ್ಮಾ..."

"ಹಾಳಾಗ್ಹೋಯ್ತು ನನ್ ಮನೆ! ತನೂ, ಲೇ ತನೂ! ಅದಕ್ಕೇ ಏನೇ ಊಟ ಸೇರ್ದೆ ಇರೋದು?"

ಒಳಗಿನಿಂದ ಓಡಿ ಬಂದ ತನುಜಾ ಬಾಗಿಲಲ್ಲೇ ನಿಂತಳು. ಅಮ್ಮನ ಮುಖ, ಅವನ ಮುಖ, ಚೆಲ್ಲಿದ ರಾಗಿ... ಎಲ್ಲ ಅರ್ಥವಾಯಿತು. ಸಿಟ್ಟು ಇತ್ತು. ಆದರೂ ತಡೆಯಲಾಗದೆ ನಗು ಬಂದುಬಿಟ್ಟಿತು! ಹದಿನೇಳು ದಿನದ ಮೇಲೆ ಬಂದ ಮೊದಲ ನಗು. ನಗುತ್ತಾ ನಗುತ್ತಾ ಅದು ಅಳುವಾಯಿತು.

"ಅದಲ್ಲ ಕಣಮ್ಮ! ಇವರು ನನ್ನ ದನೀನ ನನ್ನ ಕೇಳ್ದೆ ಫೋನಲ್ಲಿ ಹಾಕಿದಾರೆ, ಅಷ್ಟೇ!" ಎಂದು ಅವನ ಕಡೆ ತಿರುಗಿದಳು. "ಹೆಣ್ಣು ಹೆತ್ತವರ ಮುಂದೆ ಹಾಗನ್ನಬಾರದು ಸಾರ್. ದನಿ ಕದ್ದಿದೀನಿ ಅನ್ನಬೇಕು. ಕನ್ನಡಾನೂ ನಾನೇ ಹೇಳಿಕೊಡಬೇಕಾ?"

ತೀರ್ಥಮ್ಮ ಉಸಿರು ಬಿಟ್ಟರು. "ಥೂ ನಿನ್ನ, ಜೀವ ಹೋಗಿ ಬಂತಲ್ಲೋ!" ಎನ್ನುತ್ತಾ ರಾಗಿ ಬಳಿಯತೊಡಗಿದರು. ಬಳಿದು ಮುಗಿಸಿದ ಮೇಲೂ ಅಲ್ಲಿಂದ ಏಳಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ, ಏನೋ ಲೆಕ್ಕ ಹಾಕಿಕೊಂಡವರಂತೆ, ಮಜ್ಜಿಗೆ ತರುತ್ತೇನೆಂದು ಒಳಗೆ ಹೋದರು.

"ಎಲ್ಲಾ ತೆಗೆಸಿದೀನಿ" ಎಂದ ಹೊನ್ನೇಶ. "ನಿಮ್ಮ ದನಿ ಇರೋದು ಒಂದೂ ಉಳಿದಿಲ್ಲ. ಆ ಆ್ಯಪ್ ಕೆಲಸಾನೂ ಬಿಟ್ಟೆ."

"ಕೇಳಿದವರ ಕಿವಿಯಿಂದ ತೆಗೆಸಿದ್ರಾ?"

"ಅದಾಗಲ್ಲ."

"ಮತ್ತೆ ಯಾಕೆ ಬಂದ್ರಿ?"

"ಯಾಕೆ ಕಳಿಸಿದೆ ಅಂತ ಹೇಳೋಕೆ." ಅವನು ನೆಲ ನೋಡುತ್ತಿದ್ದ. "ಆ ಮಾತು ಕೇಳಿದ ರಾತ್ರಿ ನಂಗೆ ಖುಷಿಗಿಂತ ಹೆದರಿಕೆ ಆಯ್ತು. ನಿಮ್ಮೂರಲ್ಲಿ ನಮ್ಮವರ ಕೇರಿ ಯಾವ ಕಡೆಗಿದೆ ಅಂತ ನಿಮಗೂ ಗೊತ್ತು. ನಮ್ಮಪ್ಪ ಇಂಥ ಜಗುಲಿ ಮೇಲೆ ಒಂದಿನಾನೂ ಕೂತಿಲ್ಲ. ಆ ಮಾತನ್ನ ತಪ್ಪು ಅಂತ ಗುರುತು ಹಾಕ್ಬಿಟ್ರೆ, ಅದು ಬರೀ ತಪ್ಪಾಗೇ ಉಳೀತದೆ, ನಾನು ಉತ್ತರ ಕೊಡೋ ಹಾಗಿಲ್ಲ ಅಂದ್ಕೊಂಡೆ. ಹೇಡಿತನ ಕಣ್ರೀ ಅದು. ಬೇರೆ ಹೆಸರಿಲ್ಲ."

ತನುಜಾ ಬಾಗಿಲು ಬಿಟ್ಟು ಜಗುಲಿಗೆ ಬಂದಳು.

"ತಿದ್ದಿ ಹೇಳೋ ಆ ಮೂರು ಪದಾನ ಹನ್ನೊಂದು ಸಲ ರೆಕಾರ್ಡ್ ಮಾಡಿದೆ. ಪ್ರತಿ ಸಲಾನೂ ದನಿ ನಡುಗ್ತಿತ್ತು. ಹನ್ನೆರಡನೇ ಸಲ ಪಾಠದ ಥರ ಬಂತು. ಅದನ್ನ ಕಳಿಸಿದೆ." ಅವನು ತಲೆಯೆತ್ತಿದ. "ಆ ಹನ್ನೊಂದೇ ನಿಜ, ತನುಜಾ."

ಬೆಂಚಿನ ಮೇಲೆ ಅವಳೊಬ್ಬಳೇ ಕುಳಿತಿರಲಿಲ್ಲ.

ಆದರೂ ಎದೆಯೊಳಗಿನ ಉರಿ ಒಮ್ಮೆಗೇ ತಣ್ಣಗಾಗಲಿಲ್ಲ. ಆಗುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ನಂಬಿದವನ ಕೈಯಿಂದ ಬಿದ್ದ ಪೆಟ್ಟು ಅದು.

ದೂರದಲ್ಲಿ, ಕೆರೆ ಏರಿಯ ಮೇಲೆ ಬಸ್ಸಿನ ಹಾರನ್ ಕೇಳಿಸಿತು.

"ಅಪ್ಪ ಬಂದ್ರು ಅನ್ಸತ್ತೆ" ಎಂದಳು.

"ನಾನು... ಹೊರಡ್ಲಾ?"

ತನುಜಾ ಜಗುಲಿಯ ಮೇಲೆ ಉಳಿದಿದ್ದ ರಾಗಿಯ ಕಾಳುಗಳನ್ನು ಸೆರಗಿನಿಂದ ಸರಿಸಿ, ಒಬ್ಬರು ಕೂರುವಷ್ಟು ಜಾಗ ಮಾಡಿದಳು.

"ಇಲ್ಲಿ ಕೂತ್ಕೋ."

ಅವನು ಬೆಚ್ಚಿ ನೋಡಿದ. ಇದುವರೆಗೆ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

"ಅಪ್ಪ ಬೈಬೋದು. ಎದ್ದು ಹೋಗು ಅಂತಾನೂ ಅನ್ಬೋದು" ಎಂದಳು. "ನಾನು ಪಕ್ಕದಲ್ಲಿರ್ತೀನಿ. ಆದ್ರೆ ನೀನು ಹೆದರಿ ಎದ್ದೆ ಅಂದ್ರೆ, ಅಲ್ಲಿಗೆ ಮುಗೀತು."

ಹೊನ್ನೇಶ ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ ಕುಳಿತ.

"ಕ್ಷಮಿಸಿದ್ಯಾ?"

"ಇನ್ನೂ ಇಲ್ಲ."

"ಕಾಯ್ತೀನಿ."

"ಸುಮ್ನೆ ಕಾಯ್ಬೇಡ" ಎಂದು ಅವಳು ಪಕ್ಕದಲ್ಲಿ ಕುಳಿತಳು. "ಮಾತಾಡ್ತಾ ಕಾಯಿ."