ಅಪ್ಪನ ಅರವತ್ತೆರಡು ಮನೆಗಳು

"ನನ್ನ ಫೈಲ್ ಮುಟ್ಟಿದ್ದು ಯಾರು?!"

ಮೈತ್ರಿಯ ಕೂಗಿಗೆ ಶಿಕಾರಿಪುರದ ಆ ಕಂಪ್ಯೂಟರ್ ತರಬೇತಿ ಕೇಂದ್ರದ ಟಕಟಕ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು.

ಮೂಲೆಯಿಂದ ಒಬ್ಬ ಯುವಕ ಎದ್ದು ಬಂದ. ಯೋಗೇಶ. ಲ್ಯಾಬ್ ನೋಡಿಕೊಳ್ಳಲು ಆ ಸೋಮವಾರವಷ್ಟೇ ಸೇರಿದ್ದ.

"ನಾನೇ ರೀ... ಪರೀಕ್ಷೆ ಮಾಡಾಕೆ ಹೊರಗಿನೋರು ಬರ್ತಾರೆ, ಎಲ್ಲರ ಪ್ರೋಗ್ರಾಮೂ ಒಂದೇ ಥರ ಚಂದ ಕಾಣ್ಲಿ ಅಂದ್ರು ಕೇಂದ್ರ ನಡೆಸೋ ವೀರಬಸಪ್ಪ ಸರ್. ಅದಕ್ಕೆ ಇಂಡೆಂಟ್ ಅನ್ನೋ ಸಾಫ್ಟ್‌ವೇರ್ ಓಡಿಸ್ದೆ. ಅದು ಸಾಲು ಜೋಡಿಸ್ತೈತಿ ಅಷ್ಟೇ. ನಿಮ್ಮ ಪ್ರೋಗ್ರಾಮ್ ಮೊದಲಿನಂಗೇ ಕೆಲಸ ಮಾಡ್ತೈತ್ರಿ."

"ಪ್ರೋಗ್ರಾಮ್ ಅಲ್ಲ! ಇದು! ಇದನ್ನ ನೋಡಿ!"

ಅವಳು ಪರದೆಯ ಮೇಲ್ಭಾಗಕ್ಕೆ ಬೆರಳಿಟ್ಟು ತೋರಿಸಿದಳು. ಅಲ್ಲಿ ಕಾಮೆಂಟ್ ಇತ್ತು. ಪ್ರೋಗ್ರಾಮ್ ಬರೆದವರು ತಮಗಾಗಿ ಬರೆದುಕೊಳ್ಳುವ, ಕಂಪ್ಯೂಟರ್ ಓದದೆ ದಾಟಿ ಹೋಗುವ ಸಾಲುಗಳು. ಒಂದರ ಹಿಂದೊಂದು ಅಂಟಿಕೊಂಡ ಅರವತ್ತೆರಡು ಹೆಸರು. ಬರೀ ಹೆಸರು.

ನಿನ್ನೆಯವರೆಗೆ ಅದೊಂದು ನಕ್ಷೆಯಾಗಿತ್ತು!

ಮೈತ್ರಿಯ ಅಪ್ಪ ಲೋಕಪ್ಪ ಮಂಗನ ಕಾಯಿಲೆಗೆ ಲಸಿಕೆ ಹಾಕುತ್ತಿದ್ದವರು. ಕ್ಯಾಸನೂರಿನ ಆಸುಪಾಸಿನ ಹಳ್ಳಿಗಳನ್ನು ನಡೆದೇ ಸುತ್ತಿದವರು. ತಮ್ಮ ಹಳ್ಳಿಯಲ್ಲಿ ಯಾವ ಮನೆ ಎಲ್ಲಿದೆ, ಯಾವ ಓಣಿಯಿಂದ ಯಾವ ಓಣಿಗೆ ದಾಟಬೇಕು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡು ಎರಡು ವರ್ಷ. ಹಾಳೆಯನ್ನೂ ಗೆದ್ದಲು ತಿಂದುಬಿಟ್ಟಿತು. ಅದಕ್ಕೆ ಮೊದಲೇ ಮೈತ್ರಿ ಪ್ರತಿ ಮನೆಯನ್ನೂ ಅದರದೇ ಜಾಗದಲ್ಲಿ, ಖಾಲಿ ಜಾಗ ಎಣಿಸಿ ಎಣಿಸಿ ಟೈಪ್ ಮಾಡಿದ್ದಳು. ಎರಡನೇ ಸೂಜಿ ತಪ್ಪಿಸಿಕೊಂಡವರ ಪಟ್ಟಿಯನ್ನು ಅದೇ ಓಣಿಗಳ ಸಾಲಿನಲ್ಲಿ ಕೊಡುವುದೇ ಅವಳ ಪ್ರೋಗ್ರಾಮ್. ಊರಿಗೆ ಬಂದ ಹೊಸ ನರ್ಸಮ್ಮನಿಗೆ ಓಣಿಗಳೇ ಗೊತ್ತಿರಲಿಲ್ಲ.

"ತಡೀರಿ! ಹಳೇ ಪ್ರತಿ ಒಂದು ಇಟ್ಟಿರ್ತೈತಿ ಅದು!" ಯೋಗೇಶ ಅವಸರದಿಂದ ಕೀಲಿ ಒತ್ತಿದ. ಪ್ರತಿ ಸಿಕ್ಕಿತು. ತೆರೆದ. ಮುಖ ಬಿಳಿಚಿತು.

ಇದರಲ್ಲೂ ಬರೀ ಹೆಸರು!

"ಮೂರು ಸಲ ಓಡಿಸ್ದೆ ರೀ... ಮೊದಲನೇದು ಚಂದ ಕಾಣ್ಲಿಲ್ಲ ಅಂತ -orig ಅನ್ನೋ ಆಪ್ಷನ್ ಹಾಕ್ದೆ. ಅದು ಕಾಮೆಂಟನ್ನೂ ಒತ್ತಿ ಜೋಡಿಸ್ತು. ಅದೂ ಬ್ಯಾಡ ಅಂತ ಇನ್ನೊಂದು ಸಲ... ಆಗ ಹಳೇ ಪ್ರತಿ ಮೇಲೇ ಬರೆದುಬಿಡ್ತು."

"ಅಂದ್ರೆ?"

ಅವನು ತಲೆ ತಗ್ಗಿಸಿದ.

"ಅಂದ್ರೆ... ನಿಮ್ಮ ನಕ್ಷೆ ಎಲ್ಲೂ ಉಳಿದಿಲ್ಲ ರೀ."

ಮೈತ್ರಿ ಚೀಲ ಎತ್ತಿಕೊಂಡಳು. ಸೊರಬದ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವಳು ಇಳಿಯುವವರೆಗೂ ತಿರುಗಲಿಲ್ಲ.

'ಎಷ್ಟು ಸುಲಭವಾಗಿ ಹೇಳಿಬಿಟ್ಟ! ಅಪ್ಪನ ಕೈಬರಹ ಹೋಯ್ತು, ಈಗ ಅವರ ಓಣಿಗಳೂ ಹೋದವು... ಇನ್ನು ಆ ಮುಖ ನೋಡುವುದಿಲ್ಲ!'

ಮೂರು ವಾರ ಅವಳು ಶಿಕಾರಿಪುರಕ್ಕೆ ಹೋಗಲಿಲ್ಲ.

ಮೂರನೆಯ ಭಾನುವಾರ ಪಕ್ಕದ ಮನೆಯ ಬಂಗಾರಮ್ಮ ಬಾಗಿಲಲ್ಲಿ ನಿಂತು ಕೇಳಿದಳು. "ಮೈತ್ರಿ, ಅದ್ಯಾರೇ, ಕೈಯಲ್ಲಿ ಕಾಗ್ದ ಹಿಡ್ಕಂಡು ಮನೆ ಮನೆ ತಿರುಗ್ತಾ ಇದಾರೆ? ನಿಮ್ಮಪ್ಪನ ಹೆಸರು ಹೇಳ್ತಾರಪ್ಪ."

ಮೈತ್ರಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಕೆಳಗಿನ ಓಣಿಯಲ್ಲಿ ಒಂದು ನಾಯಿ ಬೊಗಳುತ್ತಿತ್ತು. ಅದರೆದುರು ಅಲುಗದೆ ನಿಂತಿದ್ದ ಯೋಗೇಶ! ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ನೀವು... ಇಲ್ಲಿ?"

"ಕ್ಷಮಿಸ್ರಿ ಅಂತ ಕೇಳಾಕೆ ಬಾಯಿ ಬರ್ಲಿಲ್ಲ ರೀ. ಕಾಲಿದ್ದವು, ಬಂದೆ." ಕಾಗದ ಚಾಚಿದ. "ನಿಮ್ಮ ತಂದೆ ನಕ್ಷೆ ಅದು ಅಂತ ವೀರಬಸಪ್ಪ ಸರ್ ಹೇಳಿದ್ರು. ಹೆಸರು ಇದ್ದವಲ್ಲ, ಜಾಗ ಅಷ್ಟೇ ಹೋಗಿದ್ದು. ಮೂರು ಭಾನುವಾರ ಆಯ್ತು. ಅರವತ್ತೊಂದು ಸಿಕ್ಕಾವು."

ಪೆನ್ಸಿಲಿನ ಗೆರೆಗಳು, ಅಳಿಸಿ ಮತ್ತೆ ಬರೆದ ಓಣಿಗಳು... ಅಪ್ಪನ ಊರು ಮತ್ತೆ ಅವಳ ಕೈಗೆ ಬಂದಿತ್ತು! ಕಣ್ಣು ಮಂಜಾಯಿತು.

"ಸಿಗದೇ ಇದ್ದಿದ್ದು ಯಾವ್ದು?"

"ನಿಮ್ಮ ಮನೆ. ಅದರ ಮುಂದೆ ಬರೋ ಧೈರ್ಯ ಆಗ್ಲಿಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಇನ್ನೊಂದು ಮಾತು ರೀ," ಅವನು ಕಾಗದದ ಅಂಚು ತೋರಿಸಿದ. "ಕಾಡಿನ ಕಡೆ ಮೂರು ಹೊಸ ಮನೆ ಅದಾವು. ನಿಮ್ಮ ತಂದೆ ಪಟ್ಟಿಯಾಗೆ ಇಲ್ಲ. ಹನ್ನೊಂದು ಜನ. ಕೇಳ್ದೆ, ಯಾರಿಗೂ ಸೂಜಿ ಹಾಕಿಲ್ಲಂತೆ."

ಮೈತ್ರಿ ಆ ಮೂರು ಗುರುತುಗಳ ಮೇಲೆ ಬೆರಳಾಡಿಸಿದಳು. ಅಪ್ಪ ಇದ್ದಿದ್ದರೆ ಇವನನ್ನು ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದರು...

"ಬನ್ನಿ. ನಮ್ಮನೆ ಎಲ್ಲಿದೆ ಅಂತ ನಾನೇ ತೋರಿಸ್ತೀನಿ."

ಅವಳ ಅವ್ವ ಮಾಸ್ತಮ್ಮ ಎಲ್ಲ ಕೇಳಿಸಿಕೊಂಡಳು. ಬಾಳೆಲೆ ಹಾಕಿ, ಅವನೆದುರೇ ಕೂತು, ಸಾಕು ಎಂದರೂ ಬಿಡದೆ ಬಡಿಸಿದಳು.

ಸೋಮವಾರ ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಅರವತ್ತೈದು ಮನೆಗಳನ್ನು ಟೈಪ್ ಮಾಡಿದರು.

"ಈಗ ಓಡಿಸಿ," ಎಂದಳು ಮೈತ್ರಿ.

"ಬ್ಯಾಡ್ರಿ! ನನ್ನ ಕೈ ಬರಲ್ಲ."

"ಹಾಗಾದ್ರೆ ನನಗೆ ಕಲಿಸಿ."

ಅವನು ಇಂಡೆಂಟಿನ ಕೈಪಿಡಿ ಪುಸ್ತಕ ತೆರೆದಿಟ್ಟು ಮೊದಲು -st ಹಾಕಿಸಿದ. ಹಾಗೆ ಹಾಕಿದರೆ ಫಲಿತಾಂಶ ಪರದೆಯಲ್ಲಷ್ಟೇ ಕಾಣುತ್ತದೆ, ಫೈಲ್ ಹಾಗೇ ಇರುತ್ತದೆ. ಆಮೇಲೆ -nfca, -nfc1. ಕಾಮೆಂಟಿನ ತಂಟೆಗೆ ಹೋಗಬೇಡ ಎಂದು ಹೇಳುವ ಎರಡು ಆಪ್ಷನ್. ಅವಳು ಉಸಿರು ಬಿಗಿಹಿಡಿದು ಎಂಟರ್ ಒತ್ತಿದಳು. ಪ್ರೋಗ್ರಾಮಿನ ಸಾಲುಗಳು ಒಪ್ಪವಾಗಿ ನಿಂತವು. ಒಂದು ಮನೆಯೂ ಕದಲಲಿಲ್ಲ!

"ಈ ಪುಸ್ತಕ ಆವತ್ತೇ ಓದಿದ್ರೆ..." ಯೋಗೇಶ ನಿಟ್ಟುಸಿರಿಟ್ಟ.

"ಓದಿದ್ರೆ ಆ ಹನ್ನೊಂದು ಜನ ಯಾರಿಗೂ ಕಾಣ್ತಿರ್ಲಿಲ್ಲ," ಎಂದಳು ಅವಳು ಮೆಲ್ಲಗೆ.

ಆ ವಾರವೇ ನರ್ಸಮ್ಮ ಅವಳ ಪಟ್ಟಿ ಹಿಡಿದು ಮೂರು ಮನೆಗೂ ಹೋಗಿಬಂದರು. ಅಲ್ಲಿನ ಅಜ್ಜಿ ತಾಯಮ್ಮ ಸೂಜಿ ಹಾಕಿಸಿಕೊಂಡ ತೋಳನ್ನು ಒತ್ತಿಕೊಳ್ಳುತ್ತಲೇ ಮೈತ್ರಿಯ ಕೆನ್ನೆ ಸವರಿದಳು. "ನಮ್ಮನ್ನೂ ಲೆಕ್ಕಕ್ಕೆ ತಗಂಡ್ರಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ." ಪರೀಕ್ಷೆಯೂ ಚೆನ್ನಾಗಿ ಮುಗಿಯಿತು.

ತರಬೇತಿಯ ಕೊನೆಯ ದಿನ ಯೋಗೇಶ ಅವಳನ್ನು ಸೊರಬದ ತನಕ ಬಿಡಲು ಬಂದ. ಅಲ್ಲಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಅವಳ ಊರಿನ ಬಸ್ಸಿಗೆ ಕಾದರು.

"ನಿಮಗೆ ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ," ಎಂದಳು ಮೈತ್ರಿ. "ಅಪ್ಪ ಹೋದ್ಮೇಲೆ ನಮ್ಮ ಓಣಿಗಳಲ್ಲಿ ಅಷ್ಟು ಕಾಳಜಿಯಿಂದ ನಡೆದವರು ನೀವೊಬ್ರೇ. ನಿಮ್ಮ ಋಣ ದೊಡ್ಡದು."

"ಋಣ ಅನ್ಬ್ಯಾಡ್ರಿ. ಮೊದಲ್ನೇ ಭಾನುವಾರ ಮಾಡಿದ ತಪ್ಪಿಗೆ ಬಂದಿದ್ದೆ. ಆಮೇಲಿನ ಎರಡು... ನೀವು ಎಲ್ಲಾದ್ರೂ ಕಾಣ್ತೀರೇನೋ ಅಂತ."

ಅವಳ ಕೆನ್ನೆ ಕೆಂಪಾಯಿತು. ಬಸ್ಸು ಬಂದು ನಿಂತಿತು.

"ಈ ಭಾನುವಾರ ಬರಲ್ವಾ?"

"ಕೆಲಸ ಮುಗೀತಲ್ರೀ. ಏನಂತ ಬರ್ಲಿ?"

"ನನ್ನನ್ನ ಕೇಳೋಕೆ ಬನ್ನಿ. ಅವ್ವನ ಹತ್ರ."

ಯೋಗೇಶ ಬಸ್ಸಿನ ಬಾಗಿಲವರೆಗೂ ಅವಳ ಹಿಂದೆಯೇ ಬಂದ. "ಅವ್ವ ಏನಂತಾರೋ..."

"ಅವ್ವ ಏನಂತಾಳೋ ನಂಗೊತ್ತಿಲ್ಲ," ಮೆಟ್ಟಿಲು ಹತ್ತಿ ತಿರುಗಿ ನೋಡಿದಳು ಮೈತ್ರಿ. "ನಾನಂತೂ ಹೂಂ ಅಂತೀನಿ!"