ಮೇಘಾಳ ಹಿತ್ತಾಳೆ ಬೋಲ್ಟ್

"ಮಾಯ ಆಗ್ಬುಟ್ರೆ ಆಯ್ತೇನಲಾ ವೆಂಕಿ? ಕಣ್ಣಿಗೆ ಕಾಣಲ್ಲ ಸರಿ. ಕಾಲ್ಸಪ್ಳ ಎಲ್ಲಿಗೋಯ್ತದೆ?"

ಮೇಘಶ್ರೀ ಬಾಗಿಲಲ್ಲೇ ನಿಂತಳು. ಅದೇ ವೇಣುವಿನ ದನಿ...

ಗಡಿಯಂಚಿನ ಜೂಜುವಾಡಿಯಲ್ಲಿ ವೆಂಕಿಯ ಮನೆ ಮಹಡಿ. ಭಾನುವಾರ ಬಂತೆಂದರೆ ಫ್ಯಾಕ್ಟರಿಯ ಗೆಳೆಯರು ಇಲ್ಲಿ ಸೇರಿ, ದಾಳ ಉರುಳಿಸುತ್ತ ಕೋಟೆ, ರಾಕ್ಷಸರ ಕಥೆ ಆಡುತ್ತಿದ್ದರು. ಕಥೆ ನಡೆಸುವವನು ವೇಣು. ಒಬ್ಬೊಬ್ಬರ ಪಾತ್ರಕ್ಕೂ ಒಂದೊಂದು ಬೋಲ್ಟ್. ಪಾತ್ರ ಮಾಯವಾದರೆ ಬೋಲ್ಟನ್ನು ಕೋಟೆ ಬರೆದ ಹಾಳೆಯ ಮೇಲೆ ಮಲಗಿಸಬೇಕು. ಆಗ ಸಪ್ಪಳ ಹಿಡಿದು ಯಾರಾದರೂ ಹುಡುಕಬಹುದು. ಅವಿತುಕೊಂಡರೆ ಮಾತ್ರ ಬೋಲ್ಟನ್ನೇ ಎತ್ತಿಟ್ಟುಕೊಳ್ಳಬೇಕು. ಆಮೇಲೆ ಅವರಾಗಿ ಹೊರಬರುವ ತನಕ, ಎಲ್ಲಿದ್ದೀಯ ಎಂದು ಯಾರೂ ಕೇಳುವಂತಿಲ್ಲ. ವೇಣು ಮಾಡಿದ ಕಟ್ಟಳೆ ಅದು.

ಆಟದಲ್ಲಿ ಮೇಘಾ ಕಳ್ಳಿ. ಇವತ್ತು ಉಳಿದವರು ಇನ್ನೂ ಬಂದಿರಲಿಲ್ಲ.

"ಬಾರಮ್ಮ ಕಳ್ಳಿ, ಇಷ್ಟು ದಿನ ಆದ್ಮೇಲೆ ದಾರಿ ಗೊತ್ತಾಯ್ತಾ?" ಎಂದ ವೆಂಕಿ, ಇಬ್ಬರ ಮುಖ ನೋಡಿ ಮೆತ್ತಗಾದ. "ಟೀ ತತ್ತೀನಿ ಇರ್ರಿ," ಎಂದು ಇಳಿದು ಹೋದ.

ಅವಳು ತನ್ನ ಪಾತ್ರದ ಹಿತ್ತಾಳೆ ಬೋಲ್ಟನ್ನು ವೇಣುವಿನ ಮುಂದೆ ಹಿಡಿದಳು.

"ಕೊಟ್ಬುಟ್ಟು ಹೋಗಾಣ ಅಂತ ಬಂದೆ. ಇನ್ಮೇಲೆ ನಾನು ಬರಲ್ಲ."

ವೇಣು ಕೈ ಚಾಚಲಿಲ್ಲ.

"ನಮ್ಮಪ್ಪ ತೀರ್ಹೋಗಿದ್ದು ಗೊತ್ತಿತ್ತಾ ನಿಂಗೆ?"

"ಗೊತ್ತಾಯ್ತು... ನಿಮ್ಮೂರು ಬೇರಿಕೆಗೆ ಬಂದಿದ್ದೆ. ನಿಮ್ಮ ಬೀದಿ ತಿರುವ್ನಲ್ಲೇ ಗಾಡಿ ನಿಲ್ಸ್ಕೊಂಡು ನಿಂತಿದ್ದೆ."

"ಒಳಕ್ಯಾಕೆ ಬರ್ಲಿಲ್ಲ? ಒಂದು ಫೋನೂ ಇಲ್ಲ..."

"ನಮ್ಮ ಮದುವೆ ಮಾತೆತ್ತಿದ್ದೆ. ನೀನು ಏನೂ ಹೇಳ್ಲಿಲ್ಲ. ಮುಂದಿನ ವಾರ ಆಟದ ಮಧ್ಯೆ ಬೋಲ್ಟ್ ಎತ್ಕೊಂಡು, ಮಾತಾಡ್ದೆ ಎದ್ದೋದೆ. ನನ್ನ ಹುಡುಕ್ಬೇಡ ಅಂತಿದೀಯ ಅಂದ್ಕೊಂಡೆ ಮೇಘಾ."

ಅವಳು ಬೆಪ್ಪಾಗಿ ನೋಡಿದಳು. ಇಷ್ಟಕ್ಕೇನಾ... ಇಷ್ಟೇ ಇಷ್ಟಕ್ಕಾ?

"ಅಪ್ಪಂಗೆ ಎದೆನೋವು ಅಂತ ಮೆಸೇಜ್ ಬಂತು ಕಣೋ. ಬೋಲ್ಟ್ ಕೈಲಿತ್ತು, ಹಂಗೇ ಓಡ್ದೆ. ಕೃಷ್ಣಗಿರಿ ಆಸ್ಪತ್ರೇಲಿ ಮುಷ್ಟಿ ಬಿಚ್ಚಿದಾಗ್ಲೇ ನೋಡಿದ್ದು, ಅಂಗೈಯೆಲ್ಲ ಅದರ ಸುರುಳಿ ಗೀರಿನ ಅಚ್ಚು." ಅವಳು ಬೋಲ್ಟನ್ನು ಮತ್ತೆ ಮುಷ್ಟಿಯಲ್ಲಿ ಹಿಡಿದಳು. "ಆವತ್ತು ನಿಂಗೆ ಹೂಂ ಅನ್ನಾಣ ಅಂತಾನೇ ಬಂದಿದ್ದೆ."

ವೇಣು ತಲೆ ತಗ್ಗಿಸಿದ.

"ಕೊನೇವರ್ಗೂ ಅಪ್ಪ ಕೇಳ್ತಾನೇ ಇದ್ರು... ಆ ಕಥೆ ಹೇಳೋ ಹುಡುಗ ಬರ್ಲಿಲ್ವಾಮ್ಮ ಅಂತ. ಬತ್ತಾನೆ ಅಪ್ಪ, ಬತ್ತಾನೆ ಅಂತಿದ್ದೆ."

ಕೆಳಗೆ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಗಡಿ ದಾಟಿ ಹೋಯಿತು. ವೇಣುವಿನ ಕಣ್ಣೀರು ಕೋಟೆ ಬರೆದ ಹಾಳೆಯ ಮೇಲೆ ಬಿತ್ತು.

"ದಿನಾ ನಿನ್ನ ನಂಬರ್ ತೆಗೆದು ನೋಡ್ತಿದ್ದೆ ಮೇಘಾ. ಒತ್ತೋ ಧೈರ್ಯ ಬರ್ಲಿಲ್ಲ. ಪ್ರಾಣ ಇಟ್ಕೊಂಡಿದ್ದು ನಿನ್ನ ಮೇಲೆ, ಮರ್ಯಾದೆ ಕೊಟ್ಟಿದ್ದು ಆಟದ ಕಟ್ಟಳೆಗೆ."

ಅವಳು ಕಣ್ಣೊರೆಸಿಕೊಂಡಳು. "ಇನ್ಮೇಲೆ ಕೇಳ್ತೀಯಾ?"

"ಏನಂತ?"

"ಎಲ್ಲಿದೀಯಾ ಅಂತ."

"ಕೇಳ್ತೀನಿ. ನೀನು ಬೇಡ ಅಂದ್ರೂ ಕೇಳ್ತೀನಿ." ಅವನು ತಲೆ ಎತ್ತಿ ಅವಳನ್ನು ನೋಡಿದ. "ಎಲ್ಲಿದೀಯಾ ಮೇಘಾ?"

"ಇಲ್ಲೇ ಇದೀನಿ ಕಣೋ... ಅಪ್ಪಂಗೆ ಏನಂತ ಹೇಳ್ಲಿ?"

ವೇಣು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮೇಘಶ್ರೀ ಬಗ್ಗಿ, ಒದ್ದೆಯಾದ ಆ ಹಾಳೆಯ ಮೇಲೆ ಬೋಲ್ಟನ್ನು ಮೆಲ್ಲಗೆ ಮಲಗಿಸಿದಳು, ಎತ್ತಿಟ್ಟುಕೊಳ್ಳಲಿಲ್ಲ.